ಬಾಟಲಿಗೆ ಬಂದ ಮೂಳೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ಸಂಶೋಧನಾ ವಿಭಾಗದ ವೈದ್ಯೆ ಠಾಣೆಗೆ ಬಂದು ದೂರು ಕೊಟ್ಟರು. ಕಳುವಾದದ್ದು ಹೆಬ್ಬೆರಳುದ್ದದ ಸೀಸೆ. ಅದರೊಳಗೆ ಒಬ್ಬ ರೋಗಿಯ ಜೀವಕೋಶಗಳು. ಶೀತಪೆಟ್ಟಿಗೆಯ ಸೀಸೆಗಳನ್ನು ಮೂರು ವಾರದ ಹಿಂದೆ ಎಣಿಸಿದ್ದು ಬಿಟ್ಟರೆ, ಮತ್ತೆ ಎಣಿಸಿದ್ದು ನಿನ್ನೆಯಂತೆ!

"ಕಳ್ಳ ಅದನ್ನ ಏನ್ ಮಾಡ್ತಾನೆ, ಡಾಕ್ಟ್ರೇ?" ಇನ್‌ಸ್ಪೆಕ್ಟರ್ ಕೇಳಿದರು.

"ಸೊರಗಿದ ಕಾಲಿಗೆ ಚುಚ್ಚಬಹುದು, ನಮ್ಮ ಪ್ರಯೋಗದ ಚಿಕಿತ್ಸೆ ಅದೇ. ಕೋಶಗಳಿಗೆ ಕಬ್ಬಿಣದ ಕಣ ತುಂಬಿರ್ತೀವಿ. ಮೈಯೊಳಗೆ ಎಲ್ಲಿದ್ರೂ ಸ್ಕ್ಯಾನ್‌ನಲ್ಲಿ ಕಪ್ಪಗೆ ಕಾಣುತ್ತೆ."

ಎಫ್‌ಐಆರ್ ದಾಖಲಿಸಿ, 11.45ಕ್ಕೆ ಸ್ಕ್ಯಾನ್ ಕೋಣೆಯಲ್ಲಿ ಪಂಚರೆದುರು ಮೂರು ವಾರದ ಚಿತ್ರಗಳನ್ನೆಲ್ಲ ತೆರೆಸಿದರು. ಹೆಡ್ ಕಾನ್‌ಸ್ಟೆಬಲ್ ಮೀಸೆಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹಿಡಿದದ್ದು ಬಿಡುವ ಆಸಾಮಿಯಲ್ಲ. ದಿನಾ ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ನೀರಿನ ಬಾಟಲಿಯ ಚಿತ್ರ ತೆಗೆಯುವುದು ಅಲ್ಲಿನ ರೂಢಿ. ಅವನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಮೀಸೆಯಪ್ಪ ತೆರೆಸಿದ.

"ಅಯ್ಯೋ ಸಾರ್, ಭಾನುವಾರ ಬಂದ್ರೆ ಬಾಟ್ಲಿಗೆ ಮೂಳೆ ಬರುತ್ತಲ್ಲ!"

ಮೂರು ಭಾನುವಾರ, ಬಾಟಲಿಯ ಹೆಸರಲ್ಲಿ ಒಂದೇ ತೊಡೆ, ಅದರಲ್ಲೊಂದು ಕಪ್ಪು ಕಲೆ. ಆ ದಿನಗಳ ಪಾಳಿಯ ಆಪರೇಟರ್ ಪಕ್ಕದಲ್ಲೇ ನಿಂತಿದ್ದ. ಓಡಲಿಲ್ಲ.

"ಯಾರ ಕಾಲು?"

"ನನ್ನ ಹೆಂಡ್ತಿದು."

"ಚಿತ್ರ ಅಳಿಸಬಹುದಿತ್ತಲ್ಲ?"

"ಕೈ ಬರಲಿಲ್ಲ ಸಾರ್. ಈ ಪ್ರಯೋಗಕ್ಕೆ ಅರ್ಜಿ ಹಾಕಿದ್ವಿ, ಕಾಯಿಲೆ ಬಲಿತಿದೆ ಅಂತ ವಾಪಸ್ ಕಳ್ಸಿದ್ರು. ಅವಳು ಮುಂದೆ ನಡೀತಾಳೆ ಅನ್ನೋದಕ್ಕೆ ಇರೋದು ಇದೊಂದೇ. ಮೂರು ವಾರ ಆದ್ರೂ ಕೋಶ ಬದುಕಿವೆ, ನೋಡಿ."

ವೈದ್ಯೆ ಇನ್‌ಸ್ಪೆಕ್ಟರರನ್ನು ಹೊರಗೆ ಕರೆದರು.

"ಬೇರೆಯವರ ಕೋಶ ಸಾರ್. ಅವಳ ಮೈ ಆಗ್ಲೇ ಕೊಂದಿರುತ್ತೆ. ಕೋಶ ಸತ್ರೂ ಕಬ್ಬಿಣ ಉಳಿಯುತ್ತೆ. ಆ ಕಪ್ಪು ಬರೀ ಕಬ್ಬಿಣ."

"ಅವನಿಗೆ ಗೊತ್ತಿಲ್ವಾ?"

"ಕಪ್ಪು ಅಂದ್ರೆ ಕೋಶ ಅಂತ ಹೇಳ್ಕೊಟ್ಟಿದ್ದು ನಾವೇ." ವೈದ್ಯೆ ನೆಲ ನೋಡಿದರು. "ಸೀಸೆ ಯಾರದೋ ಅವ್ರಿಗೆ ಮತ್ತೆ ಬೆಳೆಸೋಕೆ ಎರಡು ತಿಂಗಳು. ಅಷ್ಟರಲ್ಲಿ ಅವ್ರ ಕಾಲೂ ಹೋಗುತ್ತೇನೋ."

1.30ಕ್ಕೆ ಆಪರೇಟರ್‌ನ ಬಂಧನವಾಯಿತು. ಬಂಧನದ ಸುದ್ದಿ ಮನೆಯವರಿಗೆ ತಿಳಿಸಬೇಕು. 3.10ಕ್ಕೆ ಇನ್‌ಸ್ಪೆಕ್ಟರ್ ಅವನ ಮನೆಗೆ ಹೋದರು. ಹೆಂಡತಿ ಗಾಲಿಕುರ್ಚಿಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಕಳವಿನ ಸುದ್ದಿ ಕೇಳಿ ಬಹಳ ಹೊತ್ತು ಅತ್ತಳು.

"ನನ್ನನ್ನೂ ಪ್ರಯೋಗಕ್ಕೆ ಸೇರಿಸ್ಕೊಂಡ್ರು ಅಂತ ಇವ್ರು ಅಂದಿದ್ರು ಸಾರ್. ಕದ್ದಿದ್ದು ಅಂತ ಗೊತ್ತಿರಲಿಲ್ಲ." ಆಮೇಲೆ ತೊಡೆಯ ಮೇಲೆ ಕೈಯಿಟ್ಟು ಕೇಳಿದಳು, "ಅವು ಇನ್ನೂ ಇವೆ ಅಲ್ವಾ?"

"ಕಪ್ಪು ಇದೆ, ತಾಯಿ."

ಬಂಧನದ ಸೂಚನಾಪತ್ರಕ್ಕೆ ಅವಳ ಸಹಿ ಹಾಕಿಸಿಕೊಂಡು ಎದ್ದರು.

ಠಾಣೆಗೆ ಮರಳಿ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದರು: ಹೆಂಡತಿ ನಡೆಯಲೆಂದು. ಕೋಶ ಸತ್ತಿವೆ, ಉಳಿದದ್ದು ಬರೀ ಕಬ್ಬಿಣ ಎಂಬ ವೈದ್ಯೆಯ ಹೇಳಿಕೆಯನ್ನು ಕಡತಕ್ಕೆ ಸೇರಿಸಿದರು. ದೋಷಾರೋಪ ಪಟ್ಟಿಯ ಜೊತೆ ಅದರ ಪ್ರತಿ ಆರೋಪಿಯ ಕೈ ಸೇರಲೇಬೇಕು. ಅದನ್ನು ತಡೆಯುವ ಅಧಿಕಾರ ಇನ್‌ಸ್ಪೆಕ್ಟರ್‌ಗೆ ಇರಲಿಲ್ಲ.