ಡೆಲ್ಮರನ ಇಂಜಿನ್

ಆ ಸಾವಿರದ ಒಂಬೈನೂರ ಅರುವತ್ತೇಳರ ಶೆವೆಲ್ ಕಾರು ರೈತನೊಬ್ಬನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿರುವುದನ್ನು ಮೊದಲು ಕಂಡವನು ವರ್ಲಿನ್ ಸ್ಟ್ರೌಡ್. ಬಿಯರ್ ಕುಡಿಯುತ್ತ ಗೆಳೆಯ ಡೆಲ್ಮರ್ ಹ್ಯಾಚರನಿಗೆ ಅದನ್ನು ಹೇಳಿಬಿಟ್ಟ. ಮರುದಿನ ಬೆಳಗ್ಗೆ ವರ್ಲಿನ್ ಹೋಗುವಷ್ಟರಲ್ಲಿ ಡೆಲ್ಮರ್ ಅದನ್ನು ಕೊಂಡುಬಿಟ್ಟಿದ್ದ, ಕೊಟ್ಟಿಗೆ ಖಾಲಿಯಾಗಿತ್ತು. ಮುಂದೆ ಇಪ್ಪತ್ತೆಂಟು ವರ್ಷ, ಮನ್ಸಿ ಊರಿನ ಪ್ರತಿ ಕಾರು ಮೇಳದಲ್ಲೂ ಡೆಲ್ಮರ್ ಬಾನೆಟ್ ಎತ್ತಿ ನಿಲ್ಲುತ್ತಿದ್ದ. ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದ ಆ ದೊಡ್ಡ ಅಸಲಿ ಇಂಜಿನನ್ನು ಜನ ಟೋಪಿ ತೆಗೆದು ನೋಡುತ್ತಿದ್ದರು. ವರ್ಲಿನನ ಬಳಿಯೂ ಅದೇ ವರ್ಷದ ಶೆವೆಲ್ ಇತ್ತು. ಅದರ ಹೊಟ್ಟೆಯಲ್ಲಿದ್ದದ್ದು ಮಾತ್ರ ಇನ್ನಾವುದೋ ಕಾರಿನ ಇಂಜಿನ್.

ಡೆಲ್ಮರ್ ಸತ್ತ ಮರುವರ್ಷ ಅವನ ಹೆಂಡತಿ ಓಪಲ್ ಕಾರನ್ನು ಕಟ್ಟಿ ಎಳೆಸಿಕೊಂಡು ವರ್ಲಿನನ ಗ್ಯಾರೇಜಿಗೇ ಬಂದಳು.

“ತಿರುವಿನಲ್ಲಿ ದೋಣಿ ಹಾಗೆ ವಾಲುತ್ತೆ ಕಣೋ ಇದು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಎಲ್ಲಾ ಹೊಸದು ಹಾಕು. ಇಂಜಿನ್ನೂ ಅಷ್ಟೇ. ಟೆನೆಸ್ಸೀಲಿರೋ ತಂಗಿ ಮನೆವರೆಗೂ ಒಂದು ಸಲಾನೂ ಕೆಮ್ಮಬಾರದು.”

“ಹಳೇ ಇಂಜಿನ್ ಏನ್ಮಾಡ್ತೀಯ?”

“ಅದು ಡೆಲ್ಮರಂದು. ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲಿನ ಹತ್ತಿರ ಹೂಳ್ತೀನಿ. ಪಾದ್ರಿ ಒಪ್ಪಿದಾರೆ. ನಗಬೇಡ.”

ವರ್ಲಿನ್ ನಗಲಿಲ್ಲ. ಅಸಲಿ ಇಂಜಿನ್ ತನ್ನ ಶೆವೆಲ್‌ನ ಹೊಟ್ಟೆಗೆ, ಗುಂಡಿಗೆ ಅದರಂತೆಯೇ ಕಾಣುವ ಇನ್ನೊಂದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಳ್ಳ ಬದಲಿಗೆ ಇಟ್ಟ ಮಾಲನ್ನು ಒಡತಿಯೇ ಪ್ರಾರ್ಥನೆ ಮಾಡಿಸಿ ಮಣ್ಣಿಗೆ ಹಾಕುವಂಥ ಕಳ್ಳತನ ಲೋಕದಲ್ಲಿ ಇನ್ನೆಲ್ಲಿ ಸಿಕ್ಕೀತು? ಅಲ್ಲದೆ ಇದು ಕಳ್ಳತನವೂ ಅಲ್ಲ, ತಡವಾಗಿ ಸಿಕ್ಕ ನ್ಯಾಯ.

ಆದರೂ ಅವನು ಆತುರಪಡಲಿಲ್ಲ. ಹೂಳುವ ಮುಂಚೆ ಕಾರು ಕ್ಲಬ್ಬಿನ ರೇ ಡಟ್‌ವೈಲರ್ ಕನ್ನಡಕ ಏರಿಸಿ ಇಂಜಿನಿನ ನಂಬರ್ ಓದದೆ ಬಿಡುವುದಿಲ್ಲ. ಓಹಾಯೋದ ಗುಜರಿಯೊಂದರಲ್ಲಿ ಹಳೆಯ ಲಾರಿಯಿಂದ ಬಿಚ್ಚಿದ, ಅದೇ ಅಳತೆಯ ಇಂಜಿನ್ ಸಿಕ್ಕಿತು. ಅದರ ನಂಬರನ್ನು ಉಜ್ಜಿ ತೆಗೆದು, ಹಳೆಯ ಅಚ್ಚುಗಳಿಂದ ಡೆಲ್ಮರನ ನಂಬರನ್ನು ಒಂದೊಂದೇ ಅಂಕಿಯಾಗಿ ಹೊಡೆದ. ಓರೆಯಾಗಿದ್ದ ಏಳನ್ನು ಓರೆಯಾಗಿಯೇ ಹೊಡೆದ. ಕಿತ್ತಳೆ ಬಣ್ಣ ಬಳಿದು, ಬಿಸಿ ತಗುಲಿಸಿ ಅದು ಮಾಸುವಂತೆ ಮಾಡಿದ. ಡೆಲ್ಮರನ ಇಂಜಿನಿನ ಗೀರುಬಿದ್ದ ಮುಚ್ಚಳಗಳನ್ನೇ ಮೇಲೆ ಕೂರಿಸಿದ. ಯಾರೂ ನೋಡದ ಒಳಭಾಗವನ್ನೂ ಫಳಫಳ ತೊಳೆದು ಎಣ್ಣೆ ಹಚ್ಚಿದ. ಕೊಳಕು ಕೆಲಸ ಅವನ ಕೈಗೆ ಒಗ್ಗುತ್ತಿರಲಿಲ್ಲ.

ಸಂಶಯ ಬರಬಾರದೆಂದು ಓಪಲ್‌ಳ ಕಾರಿಗೆ ಜೀವಮಾನದ ಅತ್ಯುತ್ತಮ ಕೆಲಸ ಮಾಡಿಕೊಟ್ಟ. ಹೊಸ ಕಾಲದ ಇಂಜಿನ್ ಬೆಕ್ಕಿನಂತೆ ಗುರುಗುಟ್ಟಿತು. ನದಿ ರಸ್ತೆಯ ತಿರುವುಗಳಲ್ಲಿ ಕಾರು ಒಂದಿಷ್ಟೂ ವಾಲಲಿಲ್ಲ.

“ಡೆಲ್ಮರ್ ನೋಡಿದ್ದಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಿದ್ದ,” ಎಂದಳು ಓಪಲ್.

“ನನಗೂ ಹಾಗೇ ಅನ್ನಿಸ್ತು,” ಎಂದ ವರ್ಲಿನ್, ಪ್ರಾಮಾಣಿಕವಾಗಿ.

ಶನಿವಾರ ಮಧ್ಯಾಹ್ನ ಸ್ಮಶಾನದ ಬೇಲಿಯುದ್ದಕ್ಕೂ ಹನ್ನೊಂದು ಹಳೆಯ ಕಾರುಗಳು ನಿಂತಿದ್ದವು. ಇಂಜಿನ್ ಸರಪಳಿಯಲ್ಲಿ ಗುಂಡಿಯ ಮೇಲೆ ತೂಗುತ್ತಿತ್ತು. ರೇ ನಂಬರ್ ಓದಿ, ಕಣ್ಣೊರೆಸಿಕೊಂಡು, “ಅದೇ,” ಎಂದ. ವರ್ಲಿನ್ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಹೇಳಿದ. ಓಪಲ್ ಬೆರಳಿನಿಂದ ಮದುವೆಯ ಉಂಗುರ ತೆಗೆದಳು.

“ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚು ವರ್ಲಿನ್. ಇದನ್ನ ಅವನ ಜೊತೆ ಹಾಕ್ತೀನಿ.”

“ಯಾರ ಜೊತೆ?”

“ಡೆಲ್ಮರ್ ಜೊತೆ. ಅವನ ಬೂದಿ ಅಲ್ಲೇ ಅಲ್ವಾ ಇರೋದು? ಬಾಯಿವರೆಗೂ ನಾನೇ ಲಾಳಿಕೆ ಇಟ್ಟು ತುಂಬಿದ್ದು. ಇಡೀ ಕ್ಲಬ್ ನೋಡ್ತಾ ನಿಂತಿತ್ತು.”

ಇಡೀ ಕ್ಲಬ್ ಹೌದೆಂದು ತಲೆಯಾಡಿಸಿತು. ಅಂತ್ಯಕ್ರಿಯೆಯ ಆ ದಿನ ವರ್ಲಿನ್ ಮಾತ್ರ, ಕೊಟ್ಟಿಗೆಯ ಹಳೆಯ ಸಿಟ್ಟಿನಲ್ಲಿ, ಮೀನು ಹಿಡಿಯಲು ಹೋಗಿದ್ದ. ಅವನ ಕೈ ನಿಂತುಹೋದದ್ದನ್ನು ಕಂಡು ರೇ ತಾನೇ ಪ್ಲಗ್ ಬಿಚ್ಚಿದ. ಓಪಲ್ ಬಗ್ಗಿ ಟಾರ್ಚ್ ಹಿಡಿದಳು. ಒಳಗೆ ಎಣ್ಣೆ ಸವರಿದ ಉಕ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ತಲೆಯೆತ್ತಿ ವರ್ಲಿನನನ್ನೇ ನೋಡಿದಳು. ಅವನಿಗೆ ಕಳೆದ ವಾರ ಡೆಲ್ಮರನ ಇಂಜಿನ್ ಬಿಚ್ಚಿದ್ದು ನೆನಪಾಯಿತು: ಮೂರನೇ ಸಿಲಿಂಡರಿನಲ್ಲಿ ಬೂದುಬಣ್ಣದ ಪುಡಿ ಗಂಟುಕಟ್ಟಿತ್ತು. ತುಕ್ಕಿನ ಜಾತಿಯದೇನೋ ಇರಬೇಕೆಂದು ಸೀಮೆಎಣ್ಣೆ ಸುರಿದು, ಒಂದು ಕಣವೂ ಉಳಿಯದ ಹಾಗೆ ತೊಳೆದು, ಅವನು ಅದನ್ನು ಕೊಳಕು ಎಣ್ಣೆಯ ಡ್ರಮ್ಮಿಗೆ ಬಗ್ಗಿಸಿದ್ದ.