ತಪ್ಪಕ್ಕನ ಮೇಜು ಮತ್ತು ತೆರೆದ ಬೀಗ

ಪರೀಕ್ಷಾ ಕೇಂದ್ರದಲ್ಲಿ ಬಂಡಲಿನ ಸೀಲು ಒಡೆಯುವ ಮೊದಲೇ ಊರಿಗೆ ಊರೇ ಪ್ರಶ್ನೆಪತ್ರಿಕೆ ಓದಿ ಮುಗಿಸಿತ್ತು.

ಗಣಿತದ ಪತ್ರಿಕೆ. ಫೋನಿನಿಂದ ಫೋನಿಗೆ ಹಾರುತ್ತ ಹಾರುತ್ತ ಅದು ಪರೀಕ್ಷಾ ಮಂಡಳಿಯ ಅಧ್ಯಕ್ಷರ ಫೋನಿಗೂ ಬಂದು ಕೂತಿತು. ಕಳಿಸಿದವನು ಅವರ ಸ್ವಂತ ಭಾವಮೈದುನ. "ಇದು ನಿಜವಾ ಭಾವ?" ಅಂತ ಕೇಳಿದ್ದ. ಅಧ್ಯಕ್ಷರು ಒಂದು ಬಂಡಲು ಒಡೆಸಿ ನೋಡಿದರು. ಅಕ್ಷರಕ್ಕೆ ಅಕ್ಷರ ಅದೇ. ಅವರು ತಲೆ ಮೇಲೆ ಕೈ ಹೊತ್ತು ಕೂತರು. ಪರೀಕ್ಷೆ ರದ್ದಾಯಿತು.

ಇನ್‌ಸ್ಪೆಕ್ಟರ್ ಮೇಡಂ ಪತ್ರಿಕೆ ಅಚ್ಚಾಗಿದ್ದ ಪ್ರೆಸ್ಸಿಗೆ ಬಂದಾಗ ಗೇಟಿನ ಹೊರಗೆ ಜನ ಕಿಕ್ಕಿರಿದಿದ್ದರು. ಮಕ್ಕಳು, ಮಕ್ಕಳಿಗಿಂತ ಹೆಚ್ಚು ಕೂಗುತ್ತಿದ್ದ ತಾಯಿ ತಂದೆಯರು.

"ಆ ಕಳ್ಳೀನ ಹೊರಗೆ ಕಳಿಸಿ!" ಅಂತ ಒಬ್ಬ ಕಿರುಚಿದ.

"ಕಳ್ಳಿ ಯಾರು ಅಂತ ಇವರಿಗಾಗಲೇ ಗೊತ್ತಾ?" ಮೇಡಂ ದಫೇದಾರನನ್ನು ಕೇಳಿದರು.

"ಎಲ್ಲರಿಗೂ ಗೊತ್ತು ಮೇಡಂ. ಫೋಟೋದಲ್ಲೇ ಇದೆ."

ದಫೇದಾರ ಫೋಟೋ ತೋರಿಸಿದ. ಹಸಿರು ಬಣ್ಣ ಹೊಡೆದ ಮೇಜು. ಅದರ ಮೇಲೆ ಪ್ರಶ್ನೆಪತ್ರಿಕೆ. ಎಡ ಮೂಲೆಯಲ್ಲಿ, ಹಾಳೆ ಹಾರದಂತೆ ಇಡುವ ನೀಲಿ ಗಾಜಿನ ಗುಂಡು. ಇಡೀ ಪ್ರೆಸ್ಸಿನಲ್ಲಿ ಅಂಥ ಗುಂಡು ಇರುವುದು ಒಬ್ಬಳ ಹತ್ತಿರ ಮಾತ್ರ. ಅಚ್ಚಿಗೆ ಹೋಗುವ ಮೊದಲು ಹಾಳೆಗಳನ್ನು ಓದಿ ತಪ್ಪು ತಿದ್ದುವವಳು. ಅದಕ್ಕೇ ಎಲ್ಲರೂ ಅವಳನ್ನು ತಪ್ಪಕ್ಕ ಅಂತಲೇ ಕರೆಯುತ್ತಿದ್ದರು.

"ಇನ್ನೊಂದು ವಿಷಯ ಇದೆ ಮೇಡಂ," ದಫೇದಾರ ದನಿ ತಗ್ಗಿಸಿದ. "ಆಯಮ್ಮನ ಮಗಳೂ ಇದೇ ಪರೀಕ್ಷೆ ಬರೀತಿದ್ದಾಳೆ. ಅಗೋ, ಗೇಟಿನ ಪಕ್ಕ ಒಬ್ಬಳೇ ನಿಂತಿದ್ದಾಳಲ್ಲ, ಅವಳೇ."

ಹುಡುಗಿಯ ಸುತ್ತ ಯಾರೂ ಇರಲಿಲ್ಲ. ಅಷ್ಟು ನೂಕುನುಗ್ಗಲಿನಲ್ಲೂ ಜನ ಅವಳನ್ನು ಮುಟ್ಟದಂತೆ ದೂರ ನಿಂತಿದ್ದರು. ಮೇಡಂ ಅವಳನ್ನೊಮ್ಮೆ ನೋಡಿ ಒಳಗೆ ನಡೆದರು.

* * *

ತಪ್ಪಕ್ಕ ತನ್ನ ಮೇಜಿನ ಮುಂದೆಯೇ ಕೂತಿದ್ದಳು. ಅತ್ತಿರಲಿಲ್ಲ. ಸಿಟ್ಟಿನಲ್ಲಿ ಮೂಗಿನ ತುದಿ ಕೆಂಪಾಗಿತ್ತು, ಅಷ್ಟೆ.

"ನಾನು ಆ ಪತ್ರಿಕೇನ ಕಣ್ಣಲ್ಲೂ ನೋಡಿಲ್ಲ. ಯಾರ ಮಕ್ಕಳು ಪರೀಕ್ಷೆಗೆ ಕೂತಿದ್ದಾರೋ ಅವರು ಆ ಪತ್ರಿಕೆ ಮುಟ್ಟೋ ಹಾಗಿಲ್ಲ. ನನ್ನ ಮಗಳೂ ಬರೀತಾಳೆ ಅಂತ ನಾನೇ ಹೋಗಿ ಮ್ಯಾನೇಜರಿಗೆ ಹೇಳಿದ್ದೆ. ಗಣಿತ ಅಚ್ಚಾದ ದಿನ ನನ್ನನ್ನ ಮೇಲಿನ ಮಹಡಿಗೆ, ಬೇರೆ ಕೆಲಸಕ್ಕೆ ಕಳಿಸಿದ್ರು."

"ಹಾಗಾದ್ರೆ ಈ ಮೇಜು ಖಾಲಿ ಇತ್ತು."

"ಖಾಲಿ. ಯಾರು ಬೇಕಾದ್ರೂ ಬರಬಹುದಿತ್ತು. ಆದ್ರೆ ಜನಕ್ಕೆ ಅದೆಲ್ಲ ಯಾಕೆ? ನನ್ನ ಮಗಳು ಇನ್ನು ಯಾವ ಪರೀಕ್ಷೆಗೆ ಹೋದ್ರೂ ಕಳ್ಳಿ ಮಗಳೇ."

ಮೇಡಂ ಮೇಜನ್ನು ನೋಡಿದರು. ಕೆಂಪು ಪೆನ್ನು ಎಡಗಡೆ. ನೀಲಿ ಗುಂಡು ಬಲಗಡೆ.

"ನೀವು ಎಡಗೈಯಲ್ಲಿ ಬರೀತೀರಾ?"

"ಹುಟ್ಟಿದಾಗಿಂದ. ಗುಂಡು ಬಲಗಡೆ ಇಟ್ಟರೇನೇ ಕೈ ಆಡುತ್ತೆ."

ಫೋಟೋದಲ್ಲಿ ಗುಂಡು ಎಡಗಡೆಯಿತ್ತು. ಇದರಿಂದ ಯಾರೂ ಜೈಲಿಗೂ ಹೋಗುವುದಿಲ್ಲ, ಬಿಡುಗಡೆಯೂ ಆಗುವುದಿಲ್ಲ. ಆದರೆ ಮೇಡಂ ಮನಸ್ಸಿನಲ್ಲಿ ಅದನ್ನು ಗಂಟು ಹಾಕಿಕೊಂಡರು.

* * *

ಪ್ರೆಸ್ಸಿನ ಯಜಮಾನರು ಎಲ್ಲರನ್ನೂ ದೊಡ್ಡ ಹಾಲಿಗೆ ಕರೆಸಿದರು. ಶಾಯಿಯ ವಾಸನೆ, ನಿಂತ ಯಂತ್ರಗಳು.

"ಮೊದಲು ಎಲ್ಲರೂ ಫೋನ್ ಆಫ್ ಮಾಡಿ," ಅಂದರು ಮೇಡಂ.

ಎಲ್ಲರ ಕೈಯಲ್ಲೂ ಒಂದೇ ಬಗೆಯ ಹೊಸ ಫೋನು. ಯಜಮಾನರು ಹೆಮ್ಮೆಯಿಂದ ವಿವರಿಸಿದರು. ಸ್ವಂತ ಫೋನು ಮನೆಯಲ್ಲಿ. ಒಳಗೆ ಪ್ರೆಸ್ಸೇ ಕೊಟ್ಟ ಫೋನು. ಅದರಲ್ಲಿ ಒಂದು ತಂತ್ರಾಂಶ. ಗೇಟು ದಾಟಿ ಒಳಗೆ ಬಂದರೆ ಸಾಕು, ಕ್ಯಾಮೆರಾ ಕಣ್ಣು ಮುಚ್ಚುತ್ತದೆ.

"ನನ್ನ ಕಂಪ್ಯೂಟರಿನಲ್ಲಿ ಎಲ್ಲ ಫೋನೂ ಹಸಿರು ತೋರಿಸ್ತಾ ಇದೆ ಮೇಡಂ. ಹಸಿರು ಅಂದ್ರೆ ಕ್ಯಾಮೆರಾ ಬಂದ್. ಒಂದು ನೊಣ ಕೂಡ ಫೋಟೋ ತೆಗೆಯೋಕಾಗಲ್ಲ!"

"ನೊಣ ತೆಗೆದಿದೆಯಲ್ಲ ಯಜಮಾನ್ರೇ."

ಯಜಮಾನರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಒಂದು ಫೋನು ಗುರ್ ಅಂತ ಅದುರಿತು. ಅದು ಮ್ಯಾನೇಜರದ್ದು.

"ಕ್ಷಮಿಸಿ ಮೇಡಂ, ಸೈಲೆಂಟ್‌ನಲ್ಲಿ ಇಟ್ಟಿದ್ದೆ. ಮಂಡಳಿಯವರ ಕರೆ ಬಂದ್ರೆ ಕಷ್ಟ," ಅಂದರು ಅವರು. ಒಳ್ಳೆಯ ಮಾತುಗಾರ. ಕೆಲಸಗಾರರು ಅವರನ್ನು ಬೆಣ್ಣೆ ಅಂತ ಕರೆಯುವುದು ಯಾಕೆ ಅಂತ ಮೇಡಂಗೆ ತಕ್ಷಣ ಅರ್ಥವಾಯಿತು. ಅವರ ಅಂಗಿಯ ಜೇಬಿನಿಂದ ಒಂದು ವೈರು ಇಣುಕುತ್ತಿತ್ತು. ಫೋನಿನ ಜೊತೆಯಲ್ಲೇ ಪವರ್ ಬ್ಯಾಂಕ್.

ಸಭೆ ಮುಗಿಯಿತು. ಹಾಲಿನ ತುಂಬ ಟಿಣ್ ಟಿಣ್ ಅಂತ ಫೋನುಗಳು ಎದ್ದ ಸದ್ದು.

ಮ್ಯಾನೇಜರ್ ಹತ್ತಿರ ಬಂದರು. "ಹೇಳಬಾರದು ಮೇಡಂ, ಆದ್ರೂ ಹೇಳ್ತೀನಿ. ಯಂತ್ರ ನಡೆಸೋನು ಒಬ್ಬ ಇದ್ದಾನೆ, ಸ್ಕ್ರೂ ಅಂತ ಕರೀತಾರೆ, ಅವನಿಗೆ ಫೋನಿನ ಬೀಗ ಮುರಿಯೋ ಚಟ. ಪಾಪ, ತಪ್ಪಕ್ಕನೂ ಅವನೂ ಬಹಳ ಆತ್ಮೀಯರು."

ಒಂದೇ ಏಟಿಗೆ ಎರಡು ಹಕ್ಕಿ. ಅದೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ.

* * *

ಸ್ಕ್ರೂ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವ ಸ್ವಭಾವವೇ ಅವನದಲ್ಲ.

"ಹೌದು ಮೇಡಂ, ಮನೇಲಿರೋ ನನ್ನ ಫೋನನ್ನ ರೂಟ್ ಮಾಡಿದ್ದೀನಿ. ನನ್ನ ದುಡ್ಡು, ನನ್ನ ಫೋನು. ಕ್ಯಾಂಟೀನಲ್ಲಿ ಎಲ್ಲರಿಗೂ ಹೇಳಿದ್ದೀನಿ, ಬೇಡ ಅಂದ್ರೂ ಹೇಳಿದ್ದೀನಿ!"

ದಫೇದಾರ ಬಾಯಿ ಬಿಟ್ಟು ನಿಂತ. "ರೂಟ್ ಅಂದ್ರೆ ಏನು ಮೇಡಂ?"

ಮೇಡಂ ನಕ್ಕರು. ಮನೆಯಲ್ಲಿ ಅವರೂ ಅದೇ ಜಾತಿಯವರು. 'ಈ ಫೋನಿಗೆ ಆದಷ್ಟು ಆಪರೇಷನ್ನು ನನ್ನ ಮಂಡಿಗೂ ಆಗಿಲ್ಲ' ಅಂತ ಅವರ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

"ಫೋನಿನ ಬಾಗಿಲಲ್ಲಿ ಒಬ್ಬ ವಾಚ್‌ಮನ್ ಇರ್ತಾನೆ ಅಂತ ಇಟ್ಕೊಳ್ಳಿ. ಬೂಟ್‌ಲೋಡರ್ ಅಂತ ಅವನ ಹೆಸರು. ಫೋನ್ ಆನ್ ಆದಾಗ ಮೊದಲು ಏಳೋನು ಅವನೇ. ಫೋನ್ ತಯಾರಿಸಿದ ಕಂಪನಿಯ ತಂತ್ರಾಂಶ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡಲ್ಲ. ಅವನ ಬೀಗ ತೆಗೆಸಿದ್ರೆ ರೂಟ್ ಮಾಡಬಹುದು. ಅಂದ್ರೆ ಮನೆಯ ಯಜಮಾನಿಕೆ ನಮ್ಮ ಕೈಗೆ. ಆಮೇಲೆ ಕ್ಯಾಮೆರಾ ತೆರೆದಿಟ್ಟು 'ಮುಚ್ಚಿದೆ' ಅಂತ ಸುಳ್ಳು ಹೇಳಿಸಬಹುದು. ಹಸಿರು ದೀಪಾನೂ ಉರಿಸಬಹುದು."

"ಹಾಗಾದ್ರೆ ಇವನೇ!" ದಫೇದಾರ ಬೇಡಿಗೆ ಕೈ ಹಾಕಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ," ಅಂದರು ಮೇಡಂ. ಸ್ಕ್ರೂನ ಪ್ರೆಸ್ ಫೋನು ತೆಗೆದುಕೊಂಡು ತಿರುಗಿಸಿ ನೋಡಿದರು, ಒಂದು ಗುಂಡಿ ಒತ್ತಿ ಹಿಡಿದರು, ಸ್ವಲ್ಪ ಹೊತ್ತು ಪರದೆ ನೋಡಿ ವಾಪಸ್ ಕೊಟ್ಟರು. "ಹೋಗಪ್ಪ. ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ."

* * *

ಕ್ಯಾಂಟೀನಿನಲ್ಲಿ ಮೇಡಂ ಚಹಾ ಕುಡಿದು ಫೋನಿನಿಂದಲೇ ಹಣ ಕಳಿಸಿದರು.

"ಎಲ್ಲರೂ ಹೀಗೇ ಕೊಡ್ತಾರಾ?"

"ಎಲ್ಲರೂ ಹೀಗೇ," ಅಂದಳು ಕ್ಯಾಂಟೀನಿನಾಕೆ. "ಮ್ಯಾನೇಜರ್ ಸಾಹೇಬ್ರು ಮಾತ್ರ ಈಗೀಗ ನೋಟು ಕೊಡ್ತಾರೆ. ಬ್ಯಾಂಕಿನ ಆ್ಯಪ್ ತೆರೀತಾ ಇಲ್ವಂತೆ. ನನ್ನ ಹತ್ರ ಚಿಲ್ಲರೆ ಎಲ್ಲಿಂದ ಬರಬೇಕು?"

ಅಲ್ಲಿಂದ ಮೇಡಂ ಮತ್ತೆ ತಪ್ಪಕ್ಕನ ಮೇಜಿಗೆ ಹೋದರು.

"ನಿಮ್ಮ ಮ್ಯಾನೇಜರ್ ಹೇಗೆ?"

"ದೇವರಂಥವರು. ನನ್ನನ್ನ ಸ್ವಂತ ಅಕ್ಕನ ಹಾಗೆ ನೋಡ್ತಾರೆ. ಮೊನ್ನೆ ನೋಡಿ, ನಾವೆಲ್ಲ ಪ್ರವಾಸ ಹೋಗಿದ್ವಲ್ಲ, ಆ ಫೋಟೋಗಳನ್ನ ಮತ್ತೆ ಕಳಿಸಿ ಅಕ್ಕ ಅಂತ ಕೇಳಿದ್ರು. ಎಲ್ಲಾ ಅಳಿಸಿಹೋಯ್ತಂತೆ. ಅಷ್ಟು ಪ್ರೀತಿ."

"ಬಹಳ ಪ್ರೀತಿ," ಅಂದರು ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ಎದ್ದೇಳಿ ಅಕ್ಕ. ಮುಖ ತೊಳ್ಕೊಂಡು ಬನ್ನಿ. ಹಾಲಿನಲ್ಲಿ ನೀವು ಮುಂದಿನ ಸಾಲಲ್ಲಿ ಕೂರಬೇಕು."

* * *

ಎಲ್ಲರೂ ಮತ್ತೆ ಹಾಲಿನಲ್ಲಿ ಸೇರಿದರು. ಪರೀಕ್ಷಾ ಮಂಡಳಿಯ ಅಧ್ಯಕ್ಷರೂ ಬಂದಿದ್ದರು. ಈ ಸಲ ಮೇಡಂ ಬಾಗಿಲ ಬಳಿ ದಫೇದಾರನನ್ನು ನಿಲ್ಲಿಸಿದ್ದರು.

"ಫೋನುಗಳನ್ನ ಮುಂದಿನ ಮೇಜಿನ ಮೇಲೆ ಇಡಿ. ಒಬ್ಬೊಬ್ಬರೇ ಬಂದು ಆಫ್ ಮಾಡಿ ಮತ್ತೆ ಆನ್ ಮಾಡಿ. ಅಷ್ಟೇ."

"ಅಷ್ಟೇನಾ?" ಅಂದರು ಯಜಮಾನರು.

"ಅಷ್ಟೇ."

ತಪ್ಪಕ್ಕ ಮೊದಲು ಬಂದಳು. ಪರದೆ ಕಪ್ಪಾಯಿತು. ಕಂಪನಿಯ ಚಿಹ್ನೆ ಮೂಡಿತು. ಟಿಣ್. ಸ್ಕ್ರೂ ಬಂದ. ಚಿಹ್ನೆ. ಟಿಣ್. ಯಜಮಾನರೂ ಬಂದರು. ಟಿಣ್. ಸಾಲು ಕರಗುತ್ತ ಹೋಯಿತು. ಮ್ಯಾನೇಜರ್ ಮಾತ್ರ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು.

"ಮೇಡಂ, ನನ್ನದು ಆಮೇಲೆ ಮಾಡ್ತೀನಿ. ಮಂಡಳಿಯವರ ಕರೆ..."

"ಅಧ್ಯಕ್ಷರು ನನ್ನ ಪಕ್ಕದಲ್ಲೇ ಕೂತಿದ್ದಾರೆ. ಏನು ಹೇಳಬೇಕೋ ಬಾಯಲ್ಲೇ ಹೇಳ್ತಾರೆ."

"ಚಾರ್ಜ್ ಕಮ್ಮಿ ಇದೆ. ಆಫ್ ಆದ್ರೆ ಮತ್ತೆ ಆನ್ ಆಗಲ್ಲ..."

"ಜೇಬಲ್ಲಿ ಪವರ್ ಬ್ಯಾಂಕ್ ಇದೆಯಲ್ಲ. ಬೆಳಗ್ಗೆಯಿಂದ ಅದನ್ನ ಬಿಟ್ಟಿಲ್ಲ ನೀವು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಎಲ್ಲರೂ ಕೇಳಿದ್ದರು. ಕಣ್ಣಾರೆ ನೋಡಿದ್ದು ಅವತ್ತೇ. ಮ್ಯಾನೇಜರ್ ಕೈ ತಾನಾಗಿ ಜೇಬನ್ನು ಅದುಮಿ ಹಿಡಿದಿತ್ತು.

ಮೇಡಂ ಕೈ ಚಾಚಿದರು. ಫೋನು ಬಂತು. ಆಫ್ ಮಾಡಿದರು. ಆನ್ ಮಾಡಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಕಂಪನಿಯ ಚಿಹ್ನೆಗಿಂತ ಮೊದಲು ಒಂದು ತೆರೆದ ಬೀಗದ ಚಿತ್ರ ಮೂಡಿತು. ಕೆಳಗೆ ಒಂದು ಎಚ್ಚರಿಕೆ: ಈ ಫೋನಿನ ಬೂಟ್‌ಲೋಡರ್ ಬೀಗ ತೆರೆಯಲಾಗಿದೆ, ಇದರ ತಂತ್ರಾಂಶವನ್ನು ನಂಬುವಂತಿಲ್ಲ.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೋ," ಅಂತ ಯಾರೋ ಹಿಂದಿನಿಂದ ಅಂದರು.

"ಇದು... ಇದು ಸ್ಕ್ರೂ ಮಾಡಿದ್ದು!" ಅಂದ ಮ್ಯಾನೇಜರ್. "ನನಗೆ ಗೊತ್ತಿಲ್ಲದೆ..."

"ಇಲ್ಲ. ಬೀಗ ತೆರೀಬೇಕಾದ್ರೆ ಫೋನ್ ಕಂಪನಿಯ ಅನುಮತಿ ಬೇಕು. ನಿಮ್ಮ ಖಾತೆಯಿಂದ ಕೇಳ್ಬೇಕು, ನಿಮ್ಮ ನಂಬರಿಗೆ ಬರೋ ಸಂಕೇತ ಹಾಕ್ಬೇಕು, ಒಪ್ಪಿಗೆ ಬರೋತನಕ ಕಾಯ್ಬೇಕು. ಸ್ಕ್ರೂ ಕ್ಯಾಂಟೀನಲ್ಲಿ ಕೊಚ್ಚಿಕೊಂಡ, ನೀವು ಕಿವಿ ಕೊಟ್ಟು ಕಲಿತ್ರಿ. ಆದ್ರೆ ಅರ್ಧ ಮಾತ್ರ ಕಲಿತ್ರಿ."

ಮೇಡಂ ಯಜಮಾನರ ಕಡೆ ತಿರುಗಿದರು.

"ಬೀಗ ತೆರೆದ ತಕ್ಷಣ ಫೋನಿನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಅದಕ್ಕೇ ಇವರು ತಪ್ಪಕ್ಕನ ಹತ್ರ ಪ್ರವಾಸದ ಫೋಟೋ ಮತ್ತೆ ಕೇಳಿದ್ದು. ನಿಮ್ಮ ತಂತ್ರಾಂಶಾನೂ ಹೋಗಿತ್ತು. ಅದನ್ನ ಮತ್ತೆ ಹಾಕಿ, ಹಸಿರು ತೋರಿಸೋ ಹಾಗೆ ಮಾಡಿದ್ರು. ನಿಮ್ಮ ಕಂಪ್ಯೂಟರಿಗೆ ಮಂಕುಬೂದಿ ಎರಚಿದ್ರು. ಆದ್ರೆ ಬ್ಯಾಂಕಿನವರು ಹುಷಾರು, ರೂಟ್ ಆದ ಫೋನಲ್ಲಿ ಅವರ ಆ್ಯಪ್ ಬಾಗಿಲು ತೆರೆಯಲ್ಲ. ಕ್ಯಾಂಟೀನಿಗೆ ನೋಟು ಬಂದದ್ದು ಅದಕ್ಕೇ. ಉಳಿದದ್ದು ಈ ಎಚ್ಚರಿಕೆ. ಫೋನ್ ಆನ್ ಆದಾಗಲೆಲ್ಲ ಬರುತ್ತೆ. ಹಾಗಾಗಿ ಅದು ಆಫ್ ಆಗಬಾರದು. ಆ ವೈರು ಅದಕ್ಕೇ. ಬೆಳಗ್ಗೆ ಎಲ್ಲರ ಫೋನೂ ಟಿಣ್ ಅಂತು. ಇವರದು ಅನ್ನಲಿಲ್ಲ."

"ಮತ್ತೆ ನನ್ನ ಮೇಜು?" ಅಂದಳು ತಪ್ಪಕ್ಕ.

"ನಿಮ್ಮ ಮಗಳು ಬರೀತಾಳೆ ಅಂತ ನೀವೇ ಇವರ ಹತ್ರ ಹೇಳಿದ್ರಿ. ನಿಮ್ಮನ್ನ ಮೇಲೆ ಕಳಿಸಿದ್ದೂ ಇವರೇ. ಸಿಕ್ಕಿಹಾಕ್ಕೊಳ್ಳೋಕೆ ಒಬ್ಬರು ಬೇಕಿತ್ತು, ಗುಂಡು ಇಟ್ಟು ನಿಮ್ಮನ್ನ ತೋರಿಸಿದ್ರು. ಬಲಗೈಯವರು, ಎಡಗಡೆ ಇಟ್ರು."

"ಇಷ್ಟೆಲ್ಲ ಮಾಡಿದೋನು ಬೀಗ ಮತ್ತೆ ಹಾಕಿ ಬಿಡಬಹುದಿತ್ತಲ್ಲ?" ಅಂದರು ಅಧ್ಯಕ್ಷರು.

"ಹಾಕಬಹುದಿತ್ತು. ಆಸೆ ಬಿಡಲಿಲ್ಲ. ಈ ಫೋನಿಂದ ಇನ್ನೂ ಕೆಲಸ ಇತ್ತು." ಮೇಡಂ ಫೋನನ್ನು ಮ್ಯಾನೇಜರ್ ಮುಂದೆ ಹಿಡಿದರು. "ತೆರೀರಿ."

ಅವನು ತೆರೆದ. ಬೇರೆ ದಾರಿ ಇರಲಿಲ್ಲ. ಹಸಿರು ಮೇಜು, ನೀಲಿ ಗುಂಡು, ನಾಳೆಯ ವಿಜ್ಞಾನದ ಪತ್ರಿಕೆ. ಇನ್ನೂ ಯಾರಿಗೂ ಹೋಗಿರಲಿಲ್ಲ.

ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು. ತಪ್ಪಕ್ಕನಿಗೆ.

* * *

ದಫೇದಾರ ಬೆಳಗ್ಗೆಯೇ ಬರೆದಿಟ್ಟಿದ್ದ ಹೇಳಿಕೆಯನ್ನು ತಪ್ಪಕ್ಕನ ಮುಂದೆ ಇಟ್ಟು ಸಹಿ ಕೇಳಿದ. ಅವಳು ಓದಿದಳು. ಮೊದಲ ಸಾಲಿನಲ್ಲೇ ಅವಳ ಕಣ್ಣು ನಿಂತಿತು. ಎಡಗೈಯಲ್ಲಿ ಕೆಂಪು ಪೆನ್ನು ತೆಗೆದುಕೊಂಡು 'ಶಂಕಿತೆ' ಅನ್ನುವುದನ್ನು ಹೊಡೆದುಹಾಕಿ, ಮೇಲೆ 'ಸಾಕ್ಷಿ' ಅಂತ ಬರೆದಳು.

"ಇಲ್ಲೊಂದು ತಪ್ಪಿತ್ತು," ಅಂದಳು.

"ಇತ್ತು ಅಕ್ಕ," ಅಂದ ದಫೇದಾರ ತಲೆ ತಗ್ಗಿಸಿ.

ಹಿಂದಿನ ಬಾಗಿಲಿನಿಂದ ಹೋಗಬಹುದು ಅಂತ ಯಜಮಾನರು ಹೇಳಿದರು. ಮೇಡಂ ಒಪ್ಪಲಿಲ್ಲ. ಮುಂದಿನ ಗೇಟನ್ನು ಪೂರ್ತಿ ತೆರೆಸಿದರು. ಮೊದಲು ಕೈಗೆ ಬೇಡಿ ಬಿದ್ದ ಮ್ಯಾನೇಜರ್ ಹೋದ. ಅವನ ಹಿಂದೆ ಮೇಡಂ, ತಪ್ಪಕ್ಕನ ಹೆಗಲ ಮೇಲೆ ಕೈ ಇಟ್ಟುಕೊಂಡು.

"ಕೇಳಿಸ್ಕೊಳ್ಳಿ!" ಮೇಡಂ ದನಿ ಬೀದಿಯ ಆ ತುದಿಗೂ ಮುಟ್ಟಿತು. "ಕಳ್ಳ ಇವನು. ಹಿಡಿಯೋಕೆ ಸಹಾಯ ಮಾಡಿದವರು ಇವರು. ಬೆಳಗ್ಗೆ ಕೂಗಿದಷ್ಟೇ ಜೋರಾಗಿ ಇದನ್ನೂ ಊರೆಲ್ಲ ಕೂಗಿ."

ಕಿರುಚಿದ್ದವನು ಜನರ ಹಿಂದೆ ಮರೆಯಾದ. ಒಬ್ಬಳು ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ. ಜನ ಸರಿದು ದಾರಿ ಬಿಟ್ಟರು. ಆ ದಾರಿಯಲ್ಲಿ ಮಗಳು ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಬೆಳಗ್ಗೆಯಿಂದ ತಡೆದಿದ್ದ ಅಳು ಇಬ್ಬರಿಗೂ ಒಟ್ಟಿಗೇ ಬಂತು.

ತಪ್ಪಕ್ಕನೇ ಮೊದಲು ಕಣ್ಣೊರೆಸಿಕೊಂಡಳು.

"ಸಾಕು ಬಿಡು, ಇಲ್ಲೇ ನಿಂತುಬಿಡ್ತೀಯಾ? ಪರೀಕ್ಷೆ ಮತ್ತೆ ಇದೆ. ನಡಿ, ಓದ್ಕೋ ನಡಿ."