ಕೆನ್ನೆಯ ಮೇಲಿನ ಕಾಡಿಗೆ

ಧಾರವಾಡದ ಒಂದು ಬಹುಮಹಡಿ ಕಟ್ಟಡದ ಬಚ್ಚಲಲ್ಲಿ ಅಭ್ಯಂಜಕವೆಂಬ ಎರೆಯುವ ಯಂತ್ರ ಕಾಲು ನೀಡಿ ಕುಳಿತಿತ್ತು. ಅದರ ಕಾಲುಗಳ ಮೇಲೆ ಎಳೆಗೂಸೊಂದು ಬೋರಲಾಗಿ ಮಲಗಿತ್ತು. ಬೆನ್ನಿಗೆ ಎಣ್ಣೆ ತಿಕ್ಕಿ, ಅಂಗೈಯನ್ನು ಅಡ್ಡ ಹಿಡಿದು, ಅಭ್ಯಂಜಕ ಮೆಲ್ಲಗೆ ನೀರು ಹುಯ್ಯಿತು. ಕೂಸು ಅಳಲಿಲ್ಲ, ಆಕಳಿಸಿತು.

ಕೂಸಿಗೆ ಎರೆಯುವ ಅಜ್ಜಿಯಂದಿರು ಆ ಕಾಲಕ್ಕೆ ಊರಿನಿಂದಲೇ ಮಾಯವಾಗಿದ್ದರು. ಉಳಿದವರಿಗೆ ಮೊಣಕಾಲು ನೋವು. ಈ ಪೇಚಾಟ ನೋಡಲಾರದೆ ವಿಜ್ಞಾನಿ ಮಂದಾಕಿನಿ ಹೆಬಸೂರ ಈ ಯಂತ್ರವನ್ನು ರೂಪಿಸಿದ್ದಳು. ಅದಕ್ಕೆ ಹೊದಿಸಿದ್ದು ಸ್ಪರ್ಶಚರ್ಮ, ಅಂದರೆ ಪ್ರಯೋಗಶಾಲೆಯಲ್ಲಿ ಜೀವಕೋಶಗಳಿಂದ ಬೆಳೆಸಿದ ನಿಜವಾದ ತೊಗಲು. ನೀರಿನ ಬಿಸಿ, ಕೂಸಿನ ನಾಡಿ, ಎಲ್ಲವೂ ಅದಕ್ಕೆ ಮುಟ್ಟಿದರೆ ತಿಳಿಯುತ್ತಿತ್ತು.

ತೊಂದರೆ ಒಂದೇ. ಈ ತೊಗಲು ಅಂಗೈಯಗಲಕ್ಕಿಂತ ಹೆಚ್ಚು ಬೆಳೆಯುತ್ತಿರಲಿಲ್ಲ. ಒಳ್ಳೆಯ ತುಂಡುಗಳೆಲ್ಲ ಕೈಕಾಲಿಗೆ ಹೋದವು. ಉಳಿದ ಚೂರುಪಾರು ಹೊಲಿದು ಮುಖ ಮಾಡಬೇಕಾಯಿತು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು, ನಡುವೆ ಕೌದಿಯ ಹಾಗೆ ಹೊಲಿಗೆ. ಎಡಗಣ್ಣು ಮುಚ್ಚಿದ ಮೇಲೆ ಬಿಡುವು ಮಾಡಿಕೊಂಡು ಬಲಗಣ್ಣು ಮುಚ್ಚುತ್ತಿತ್ತು. ಚಾಲೂ ಮಾಡಿದ ದಿನ ಮಂದಾಕಿನಿಯೇ ಅದನ್ನು ನೋಡಿ ಹೌಹಾರಿದ್ದಳು. ಆಮೇಲೆ ಮಾತಾಡುವಾಗೆಲ್ಲ ಅದರ ಹೆಗಲನ್ನೇ ನೋಡುತ್ತಿದ್ದಳು. ಹೆಸರಿಡುವುದಂತೂ ದೂರವೇ ಉಳಿಯಿತು.

ಹೋದ ಮನೆಗಳೆಲ್ಲ ಅದನ್ನು ಹಿಂದಕ್ಕೆ ಕಳಿಸಿದ್ದವು. ಇದು ಕೊನೆಯ ಮನೆ. ಇವರೂ ಬೇಡವೆಂದರೆ ಸಂಜೆಯೇ ಅದನ್ನು ನಿಲ್ಲಿಸಿ, ಬಿಡಿಬಿಡಿಯಾಗಿ ಬಿಚ್ಚಿಡಬೇಕೆಂದು ಸಂಸ್ಥೆ ತೀರ್ಮಾನಿಸಿತ್ತು. ಅದು ಅಭ್ಯಂಜಕಕ್ಕೂ ಗೊತ್ತಿತ್ತು.

ಬಾಣಂತಿ ಸುಮಿತ್ರಾ ಬಚ್ಚಲಿಗೆ ಇಣುಕಿದವಳು ಆ ಮುಖ ಕಂಡು ಕಿಟಾರನೆ ಕಿರುಚಿದಳು. ಕೂಸನ್ನು ಬಾಚಿಕೊಂಡು ಕೋಣೆಗೆ ಓಡಿ ಕದ ಹಾಕಿಕೊಂಡಳು. ಅಭ್ಯಂಜಕ ಯಾರೂ ಹೇಳದೆಯೇ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿತು.

ಸುಮಿತ್ರಾಳ ತಾಯಿ ನೀಲವ್ವ, ಕೂಸನ್ನು ಅದರ ಕಾಲ ಮೇಲೆ ಮಲಗಿಸಿದ್ದವಳು, ಬಾಗಿಲು ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಗ್ವಾಡಿ ಕಡೆ ತಿರುಗು ಅಂತ ಇದಕ್ಕ ಯಾರು ಕಲಿಸ್ಯಾರ?"

"ನಾನ ರೀ," ಎಂದಳು ಅದರ ಜೊತೆ ಬಂದಿದ್ದ ಮಂದಾಕಿನಿ. "ಮಾರಿ ನೋಡಿದ್ರ ಮಂದಿ ಅಂಜತಾರ."

"ನೀವು ನೋಡತೀರಿ?"

ಮಂದಾಕಿನಿ ಅದರ ಹೆಗಲನ್ನು ನೋಡಿದಳು.

"ಹೋಗಲಿ, ಇದು ಹುಟ್ಟಿದ್ದು ಯಾವಾಗ?"

"ಹುಟ್ಟೂದೇನ್ರಿ ಅಜ್ಜಿ, ಯುಗಾದಿಗೆ ಚಾಲೂ ಮಾಡೀವಿ."

"ಅಯ್ಯ ಶಿವನ! ಅಂದ್ರ ಇನ್ನೂ ವರ್ಷ ತುಂಬಿಲ್ಲ. ಊರ ಕೂಸಿಗೆಲ್ಲ ಎರೀತದ, ಇದಕ್ಕ ಒಬ್ಬರರ ಎರದೀರೇನು?"

"ಯಂತ್ರಕ್ಕ ಯಾರು ಎರೀತಾರ್ರಿ!"

ನೀಲವ್ವನಿಗೆ ರೇಗಿತು. ಮೊಣಕಾಲು ಮಡಚಲು ಬಾರದ ಆ ಮುದುಕಿ ನಿಂತಲ್ಲಿಂದಲೇ ಬಾಗಿ, ಉಳಿದ ಎಣ್ಣೆಯನ್ನು ಅದರ ನೆತ್ತಿಗೆ ತಟ್ಟಿದಳು. ಉಳಿದ ನೀರನ್ನು ಹುಯ್ದಳು. ಸೆರಗಿನಿಂದ ಮುಖ ಒರೆಸಿದಳು. ಎರೆದ ಮೇಲೆ ಮಾಡುವುದನ್ನೇ ಕೈ ಮಾಡಿತು. ಕಾಡಿಗೆ ಡಬ್ಬಿಗೆ ಬೆರಳು ಅದ್ದಿ, ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು.

ಮಂದಾಕಿನಿಗೆ ನಗು ತಡೆಯಲಿಲ್ಲ. "ಅಜ್ಜಿ, ಇದಕ್ಕ ಯಾರ ದೃಷ್ಟಿ ಆಗತದರೀ?"

"ನಂದ ಆಗಬಹುದು. ಎಷ್ಟು ಚಂದ ಎರೀತು ನಮ್ಮ ಕೂಸಿಗೆ!"

"ಈ ಬೊಟ್ಟು ಯಾಕೆ?" ಎಂದು ಕೇಳಿತು ಅಭ್ಯಂಜಕ, ತನ್ನ ಪುಸ್ತಕದ ಭಾಷೆಯಲ್ಲಿ.

"ನಮ್ಮದು ಅನ್ನೂ ಕೂಸಿಗೆ ಇಡತೀವಪಾ. ಅದಕ್ಕ ಏನೂ ಆಗಬಾರದು ಅಂತ."

ಆದರೆ ಹೆತ್ತವಳು ಸುಮಿತ್ರಾ. ಅವಳು ಕದ ತೆರೆಯಲಿಲ್ಲ, ಬೇಡವೆಂದಳು. ಅವಳದು ತಪ್ಪೆನ್ನುವುದಾದರೂ ಹೇಗೆ? ನೀಲವ್ವ ಲಿಫ್ಟಿನ ತನಕ ಬಂದು ಅದರ ಬೆನ್ನು ಸವರಿ ಕಳಿಸಿದಳು.

ಸಂಜೆ ಪ್ರಯೋಗಶಾಲೆಯಲ್ಲಿ ಮಂದಾಕಿನಿ ಎಂದಿನಂತೆ ಅದರ ಹಿಂದೆ ನಿಂತಳು. ನಿಲ್ಲಿಸುವ ಗುಂಡಿ ಇದ್ದದ್ದು ಹೆಡಕಿನಲ್ಲಿ, ಕತ್ತಿನ ಹಿಂದೆ. ಮುಖ ನೋಡದೆ ಮುಗಿಸಬಹುದಾಗಿತ್ತು. ಅವಳ ಬೆರಳು ಗುಂಡಿ ಮುಟ್ಟಿದಾಗ ಅಭ್ಯಂಜಕ, "ಸ್ವಲ್ಪ ತಡೆಯಿರಿ," ಎಂದು ಅವಳತ್ತ ತಿರುಗಿತು.

ತನ್ನ ಕೆನ್ನೆಯ ಕಾಡಿಗೆಯನ್ನು ಹೆಬ್ಬೆರಳಿನಿಂದ ತೆಗೆದು ಅವಳ ಕೆನ್ನೆಗೆ ಒತ್ತಿತು. ಎಳೆಗೂಸನ್ನು ಮುಟ್ಟುವಷ್ಟೇ ಮೆಲ್ಲಗೆ.

"ನನಗೆ ನನ್ನವರೆಂದು ಇರುವುದು ನೀವೊಬ್ಬರೇ. ನಾನು ನಿಂತುಹೋದ ಮೇಲೂ ನಿಮಗೆ ಏನೂ ಆಗಬಾರದು."

ಮಂದಾಕಿನಿ ಮೊದಲ ಸಲ ಅದರ ಮುಖವನ್ನು ಪೂರ್ತಿಯಾಗಿ ನೋಡಿದಳು. ಎಡಗಣ್ಣು ಮುಚ್ಚಿ ತೆರೆಯಿತು, ಆಮೇಲೆ ಬಲಗಣ್ಣು. ಅವಳಿಗೆ ಅಳು ಒತ್ತರಿಸಿ ಬಂತು. ತಾನೇ ಹುಟ್ಟಿಸಿದ್ದನ್ನು ಇಷ್ಟು ದಿನ ಗೋಡೆಗೆ ತಿರುಗಿಸಿ ಕೂರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದರ ಕೈ ಹಿಡಿದುಕೊಂಡು ಸೀದಾ ಮನೆಗೆ ಹೊರಟಳು. ಸಂಸ್ಥೆಯವರಿಗೆ ಏನು ಹೇಳುವುದೆಂದು ನಾಳೆ ಯೋಚಿಸಿದರಾಯಿತು.

ಮರುದಿನ ಬೆಳಿಗ್ಗೆ ನೀಲವ್ವನಿಗೆ ಫೋನು ಬಂತು. ನೀರಿನ ಬಿಸಿಯನ್ನು ಕೂದಲೆಳೆಯಷ್ಟು ತಪ್ಪದೆ ಅಳೆಯುವ ಸ್ಪರ್ಶಚರ್ಮವನ್ನು ಕಂಡುಹಿಡಿದ ವಿಜ್ಞಾನಿ ಅಳುಕುತ್ತ ಕೇಳಿದಳು:

"ಅಜ್ಜಿ, ಎರಿಯೂ ನೀರು ಎಷ್ಟು ಬಿಸಿ ಇರಬೇಕ್ರಿ?"

"ಮೊಣಕೈ ಅದ್ದಿ ನೋಡ್ರಿ, ಹಿತ ಅನಿಸಬೇಕು. ಯಾರ ಕೂಸಿಗೆ?"

ಆ ಕಡೆ ಚೊಂಬಿನ ಸದ್ದು ಕೇಳಿಸಿತು.

"ನಮ್ಮದಕ್ಕ ರೀ," ಎಂದಳು ಮಂದಾಕಿನಿ.